ಹೃದಯಾಘಾತದ ನಂತರ ಎಲ್‌ಡಿಎಲ್ 78: ಇನ್ನೊಂದು ಮಾತ್ರೆ ಬೇಕೇ, ಊಟ ಬದಲಿಸಿದರೆ ಸಾಕೇ?

ಪುತ್ತೂರು ಕೃಷಿಕ

ನಮಸ್ಕಾರ. ನನಗೆ 48 ವರ್ಷ. ಪುತ್ತೂರಿನ ಬಳಿ ಅಡಿಕೆ ತೋಟವಿದೆ. ಮೂರು ತಿಂಗಳ ಹಿಂದೆ ತೋಟದಲ್ಲಿ ಸ್ಪ್ರಿಂಕ್ಲರಿನ ಪೈಪು ಬದಲಿಸುತ್ತಿದ್ದಾಗ ಎದೆಯ ಮೇಲೆ ಭಾರ ಹೇರಿದಂತಾಗಿ, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದುಹೋಯಿತು. ಅದೇ ರಾತ್ರಿ ಮಂಗಳೂರಿನಲ್ಲಿ ಹೃದಯದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಒಂದು ಸ್ಟೆಂಟ್ ಹಾಕಿದರು. ದಾಖಲಾದ ದಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಡೆಸಿಲೀಟರ್ ರಕ್ತಕ್ಕೆ 142 ಮಿಲಿಗ್ರಾಂ ಇತ್ತು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಜೊತೆಗೆ ರಾತ್ರಿ ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 40 ಮಿಲಿಗ್ರಾಂ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ.

ಕಳೆದ ವಾರದ ವರದಿಯಲ್ಲಿ ಎಲ್‌ಡಿಎಲ್ 78ಕ್ಕೆ ಇಳಿದಿದೆ. ಅದರ ಪಕ್ಕದಲ್ಲೇ, 100ಕ್ಕಿಂತ ಕಡಿಮೆ ಇದ್ದರೆ ಉತ್ತಮ ಎಂದು ಅಚ್ಚಾಗಿದ್ದುದನ್ನು ನೋಡಿ ಮನೆಯವರೆಲ್ಲ ಸಮಾಧಾನಪಟ್ಟುಕೊಂಡಿದ್ದೆವು. ಆದರೆ ವೈದ್ಯರು ಇದು 55ಕ್ಕಿಂತ ಕೆಳಗೆ ಬರಬೇಕೆಂದು ಹೇಳಿ, ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಹೊರಗೆ ಹತ್ತಾರು ಜನ ಕಾಯುತ್ತಿದ್ದುದರಿಂದ ವಿವರವಾಗಿ ಕೇಳಲು ನನಗೆ ಸಂಕೋಚವಾಯಿತು.

ಈ ನಡುವೆ ಒಂದು ತಿಂಗಳಿನಿಂದ ಎರಡೂ ತೊಡೆಗಳಲ್ಲಿ ನೋವಿದೆ. ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ಹೆಚ್ಚು ತಿಳಿಯುತ್ತದೆ. ಮಾತ್ರೆಗಳನ್ನೆಲ್ಲ ನಿಲ್ಲಿಸಿ ಬೆಳ್ಳುಳ್ಳಿ ಮತ್ತು ಹೊಳೆಮತ್ತಿ ತೊಗಟೆಯ ಕಷಾಯ ಕುಡಿಯಬೇಕೆಂಬುದು ಭಾವನವರ ಸಲಹೆ. ಮಗಳು ಬೆಂಗಳೂರಿನಿಂದ ಮೀನೆಣ್ಣೆಯ ಕ್ಯಾಪ್ಸೂಲ್ ಕಳುಹಿಸಿದ್ದಾಳೆ. ನನ್ನ ಹೆಂಡತಿಯಂತೂ ತುರಿಮಣೆಯನ್ನೇ ಅಟ್ಟಕ್ಕೇರಿಸಿದ್ದಾಳೆ. ಕಾಯಿಯಿಲ್ಲದ ಸಾರನ್ನು ಮೂರು ತಿಂಗಳು ಉಂಡಿದ್ದೇನೆ. ಜೀವನಪೂರ್ತಿ ಹೀಗೆಯೇ ಉಣ್ಣಬೇಕೇ? ಊಟದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದರೆ ಎರಡನೇ ಮಾತ್ರೆ ತಪ್ಪುವುದಿಲ್ಲವೇ? ನನ್ನ ತಂದೆಯವರೂ 51ನೇ ವಯಸ್ಸಿನಲ್ಲಿ ಹೃದಯಾಘಾತದಿಂದಲೇ ತೀರಿಕೊಂಡರು ಎಂಬುದನ್ನೂ ತಿಳಿಸುತ್ತಿದ್ದೇನೆ.

ನಿವೃತ್ತ ವೈದ್ಯ, ಸಾಗರ

ವರದಿಯಲ್ಲಿ ಅಚ್ಚಾಗಿರುವ 100 ಎಂಬ ಗಡಿ ಹೃದಯಾಘಾತವಾಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ಒಮ್ಮೆ ಹೃದಯಾಘಾತವಾದವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು, ಮೊದಲಿದ್ದುದರ ಅರ್ಧಕ್ಕಾದರೂ ಇಳಿದಿರಬೇಕು ಎಂದು ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ವೈದ್ಯರು ನೋಡುತ್ತಿರುವುದು ಈ ಗಡಿಯನ್ನು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಅಟೊರ್ವಾಸ್ಟಾಟಿನ್ ಸ್ಟಾಟಿನ್ ಎಂಬ ಗುಂಪಿನ ಔಷಧ. ಸ್ಟಾಟಿನ್ ಮಾತ್ರೆಯ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಮತ್ತೆ ಇಳಿಯುವುದು ಸುಮಾರು ಶೇ 6ರಷ್ಟು ಮಾತ್ರ. ಅಂದರೆ ನಿಮ್ಮ 78 ಸುಮಾರು 73 ಆಗಬಹುದು. ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸಿದರೆ ಸುಮಾರು ಶೇ 20ರಷ್ಟು ಇಳಿಯುತ್ತದೆ. 78 ಹತ್ತಿರ ಹತ್ತಿರ 62ಕ್ಕೆ ಬರುತ್ತದೆ. ಅದರ ಮೇಲೆ ಊಟದಿಂದ ಇನ್ನೊಂದು ಶೇ 10 ಇಳಿದರೆ 56. ನಿಮ್ಮ ದೇಹ ಈ ಲೆಕ್ಕವನ್ನು ಅಕ್ಷರಶಃ ಪಾಲಿಸುತ್ತದೆಂದು ಹೇಳಲಾರೆ; ಆದರೆ ಊಟವೊಂದೇ 78ನ್ನು 55ಕ್ಕೆ ತರಲಾರದು ಎಂಬುದೂ, ಊಟದ ಪಾಲನ್ನು ಬಿಟ್ಟರೆ ಕೊನೆಯ ಆರೇಳು ಅಂಕಿ ಉಳಿದುಬಿಡುತ್ತದೆ ಎಂಬುದೂ ಇದರಿಂದ ಕಾಣುತ್ತದೆ.

ಎರಡು ಮಾತ್ರೆಗಳು ಕೆಲಸ ಮಾಡುವ ಜಾಗವೇ ಬೇರೆ. ನಮ್ಮ ಮೈಯಲ್ಲಿರುವ ಕೊಲೆಸ್ಟರಾಲಿನ ಹೆಚ್ಚಿನ ಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹವೇ ತಯಾರಿಸಿಕೊಂಡದ್ದು. ಸ್ಟಾಟಿನ್ ಯಕೃತ್ತಿನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆ ಬಿದ್ದ ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಎಜೆಟಿಮೈಬ್ ಕರುಳಿನಲ್ಲಿ ಆಹಾರದಿಂದಲೂ ಪಿತ್ತರಸದಿಂದಲೂ ಬರುವ ಕೊಲೆಸ್ಟರಾಲ್ ಮತ್ತೆ ರಕ್ತ ಸೇರದಂತೆ ತಡೆಯುತ್ತದೆ. 2015ರಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಸ್ಟಾಟಿನ್ ಜೊತೆಗೆ ಇದನ್ನೂ ಪಡೆದವರಲ್ಲಿ ಮರು ಹೃದಯಾಘಾತ ಮತ್ತು ಪಾರ್ಶ್ವವಾಯು, ದೊಡ್ಡ ಪ್ರಮಾಣದಲ್ಲಲ್ಲದಿದ್ದರೂ, ಖಚಿತವಾಗಿ ಕಡಿಮೆಯಾದವು.

ತೊಡೆನೋವನ್ನು ಹಗುರವಾಗಿ ಕಾಣಬೇಡಿ, ಆದರೆ ಅದಕ್ಕಾಗಿ ನೀವಾಗಿಯೇ ಮಾತ್ರೆಯನ್ನೂ ಬಿಡಬೇಡಿ. ವೈದ್ಯರಿಗೆ ತಿಳಿಸಿ ರಕ್ತದಲ್ಲಿ ಸಿಕೆ (ಸ್ನಾಯುಗಳಿಗೆ ಹಾನಿಯಾದರೆ ಏರುವ ಕಿಣ್ವ) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ, ಸ್ನಾಯುಗಳೂ ನೋಯುತ್ತವೆ. ನನ್ನ ವೃತ್ತಿಯಲ್ಲಿ ಸ್ಟಾಟಿನ್ ಮೇಲೆ ಬಂದ ಎಷ್ಟೋ ದೂರುಗಳ ಮೂಲ ಅಲ್ಲಿತ್ತು. ನೋವಿನಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ 2020ರ ಅಧ್ಯಯನವೊಂದರಲ್ಲಿ, ಸ್ಟಾಟಿನ್‌ನಿಂದಾದ ತೊಂದರೆಯ ಶೇ 90ರಷ್ಟು ಖಾಲಿ ಮಾತ್ರೆಯಲ್ಲಿಯೂ ಕಂಡುಬಂದಿತು. ನಿಮ್ಮ ನೋವು ಕಲ್ಪನೆ ಎಂದು ಇದರ ಅರ್ಥವಲ್ಲ. ಮಾತ್ರೆಯೇ ಕಾರಣವೆಂದು ತೇಲಿದರೆ ರೊಸುವಾಸ್ಟಾಟಿನ್‌ಗೆ ಬದಲಿಸಬಹುದು, ಪ್ರಮಾಣ ತಗ್ಗಿಸಿ ಎಜೆಟಿಮೈಬ್ ಸೇರಿಸಬಹುದು, ಸ್ಟಾಟಿನ್ ಅಲ್ಲದ ಬೆಂಪೆಡೊಯಿಕ್ ಆಸಿಡ್ ಎಂಬ ಮಾತ್ರೆ ಇದೆ, ಎರಡು ವಾರಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕೊಡುವ, ಬೆಲೆ ಹೆಚ್ಚಿನ ಚುಚ್ಚುಮದ್ದುಗಳೂ ಇವೆ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.

ಭಾವನವರು ಹೇಳುವಂತೆ ಮಾತ್ರೆಗಳನ್ನೆಲ್ಲ ನಿಲ್ಲಿಸಿದರೆ ಅದರಲ್ಲಿ ಕ್ಲೋಪಿಡೋಗ್ರೆಲ್ ಕೂಡ ಸೇರುತ್ತದೆ. ಮೂರೇ ತಿಂಗಳಾದ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಮತ್ತೊಂದು ಮಾತು: ಚಕ್ಕೋತದ ಕಾಲ ಬಂದಾಗ ಅದನ್ನು ದೂರವಿಡಿ. ಅದರಲ್ಲಿರುವ ಅಂಶಗಳು ದೇಹದಲ್ಲಿ ಅಟೊರ್ವಾಸ್ಟಾಟಿನ್ ಕರಗುವುದನ್ನು ನಿಧಾನಗೊಳಿಸಿ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸಬಲ್ಲವು.

ತಂದೆಯವರ ವಿಷಯ ಓದಿ ಬಹಳ ಬೇಸರವಾಯಿತು. ಎಲ್‌ಡಿಎಲ್ ಅನ್ನು ಹೋಲುವ ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣದ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ವಂಶದಿಂದ ಬರುವಂಥದ್ದು, ಊಟದಿಂದ ಇಳಿಯುವುದಿಲ್ಲ. ಅದು ಡೆಸಿಲೀಟರಿಗೆ 50 ಮಿಲಿಗ್ರಾಂಗಿಂತ ಮೇಲಿದ್ದರೆ ಎಲ್‌ಡಿಎಲ್ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಮಕ್ಕಳನ್ನೂ ಪರೀಕ್ಷಿಸಬೇಕಾಗುತ್ತದೆ.

ಹಾಸನದಿಂದ

ವೈದ್ಯರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. 2017ರಲ್ಲಿ ನನಗೆ ಹೃದಯಾಘಾತವಾಯಿತು. ಒಂದು ವರ್ಷದ ಬಳಿಕ ಎಲ್‌ಡಿಎಲ್ 64 ಬಂದಿದ್ದನ್ನು ನೋಡಿ, ರೋಗ ವಾಸಿಯಾಯಿತೆಂದು ತಿಳಿದು, ಯಾರನ್ನೂ ಕೇಳದೆ ಸ್ಟಾಟಿನ್ ಬಿಟ್ಟೆ. ದಿನವೂ ಬೆಳಿಗ್ಗೆ ನಡೆಯುತ್ತಿದ್ದೆ, ರಾಗಿಮುದ್ದೆ ಸೊಪ್ಪಿನ ಸಾರು ಬಿಟ್ಟರೆ ಬೇರೆ ಉಣ್ಣುತ್ತಿರಲಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಬಸ್ ನಿಲ್ದಾಣದ ಮೆಟ್ಟಿಲು ಹತ್ತುವಾಗ ದವಡೆಯಲ್ಲಿ ನೋವು ಬಂದು ಕುಳಿತುಬಿಟ್ಟೆ. ಎಲ್‌ಡಿಎಲ್ 131ಕ್ಕೆ ಏರಿತ್ತು. ಎರಡನೇ ಸ್ಟೆಂಟ್ ಬಿತ್ತು. ಆ 64 ನನ್ನದಲ್ಲ, ಮಾತ್ರೆಯದು ಎಂದು ನನಗೆ ಅರ್ಥವಾದದ್ದು ಆಗ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಅಟೊರ್ವಾಸ್ಟಾಟಿನ್ ಅಲ್ಲಿ ಬಹಳ ಕಡಿಮೆ ಬೆಲೆಗೆ ದೊರೆಯುತ್ತದೆ.

ಆಹಾರ ತಜ್ಞೆ, ಶಿವಮೊಗ್ಗ

ತುರಿಮಣೆಯನ್ನು ಅಟ್ಟದಿಂದ ಇಳಿಸಬಹುದು ಎಂದು ಮನೆಯಲ್ಲಿ ಹೇಳಿ; ಆದರೆ ಕಾಯಿಗೆ ಒಂದು ಅಳತೆ ಇರಲಿ. ತೆಂಗಿನ ಎಣ್ಣೆಯ ಕೊಬ್ಬಿನಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಎಲ್‌ಡಿಎಲ್ ಏರಿಸುವ ಸಂತೃಪ್ತ (ಸ್ಯಾಚುರೇಟೆಡ್) ಕೊಬ್ಬು. ಒಂದು ದೊಡ್ಡ ಚಮಚದಲ್ಲಿ ಸುಮಾರು 12 ಗ್ರಾಂ ಇರುತ್ತದೆ. ನಿಮ್ಮಂಥವರಿಗೆ ಇಡೀ ದಿನಕ್ಕೆ ನಾನು ಹಾಕಿಕೊಡುವ ಮಿತಿಯೇ ಸುಮಾರು 13 ಗ್ರಾಂ. ಅಷ್ಟೇ ಕಡಲೆಕಾಯಿ ಎಣ್ಣೆಯಲ್ಲಿ ಎರಡೂವರೆ ಗ್ರಾಂ ಆಸುಪಾಸು. ಆದ್ದರಿಂದ ಒಗ್ಗರಣೆಗೂ ಪಲ್ಯಕ್ಕೂ ಕಡಲೆಕಾಯಿ ಅಥವಾ ಎಳ್ಳೆಣ್ಣೆ ಬಳಸಿ, ಅದೂ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಮೀರದಂತೆ. ತೆಂಗಿನ ರುಚಿಯನ್ನು ತುರಿಗೆ ಮೀಸಲಿಡಿ. ನೂರು ಗ್ರಾಂ ಹಸಿ ತುರಿಯಲ್ಲಿ ಸುಮಾರು 30 ಗ್ರಾಂ ಸಂತೃಪ್ತ ಕೊಬ್ಬಿರುವುದರಿಂದ, ನಿಮ್ಮ ಪಾಲಿಗೆ ದಿನಕ್ಕೆ ಎರಡು ಚಮಚ ತುರಿ ಸಾಕು. ರುಬ್ಬುವಾಗ ಅರ್ಧ ಭಾಗ ಕಾಯಿಗೆ ಬದಲಾಗಿ ಹುರಿಗಡಲೆ ಹಾಕಿದರೆ ಸಾಂಬಾರು ಮಂದವೂ ಆಗುತ್ತದೆ.

ಕಡಿಮೆ ಮಾಡುವುದಷ್ಟೇ ಅಲ್ಲ, ಸೇರಿಸಬೇಕಾದದ್ದೂ ಇದೆ. ಓಟ್ಸ್ ಅಥವಾ ಜವೆಗೋಧಿಯಿಂದ ದಿನಕ್ಕೆ ಮೂರು ಗ್ರಾಂ ಬೀಟಾ ಗ್ಲೂಕನ್ ಎಂಬ ನಾರು ಸಿಕ್ಕರೆ ಎಲ್‌ಡಿಎಲ್ ಶೇ 5ರಷ್ಟು ಇಳಿಯಬಲ್ಲದು. ಇಸಬ್ಗೋಲ್ ಹೊಟ್ಟು ದಿನಕ್ಕೆ ಹತ್ತು ಗ್ರಾಂ ತೆಗೆದುಕೊಂಡರೂ ಹೆಚ್ಚುಕಡಿಮೆ ಅಷ್ಟೇ ಫಲ; ದೊಡ್ಡ ಲೋಟದ ತುಂಬ ನೀರಿನಲ್ಲಿ ಕದಡಿ ತಕ್ಷಣ ಕುಡಿಯಬೇಕು, ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಬೇಕು. ಹುರುಳಿ, ಅಲಸಂದೆ, ಹೆಸರುಕಾಳುಗಳು ಮನೆಯಲ್ಲೇ ಇರುತ್ತವೆ. ಬಂಗುಡೆ, ಬೂತಾಯಿಯನ್ನು ವಾರಕ್ಕೆರಡು ಬಾರಿ ಗಸಿ ಮಾಡಿ ತಿನ್ನಿ, ಹುರಿಯಬೇಡಿ. ಮಗಳು ಪ್ರೀತಿಯಿಂದ ಕಳುಹಿಸಿದ ಕ್ಯಾಪ್ಸೂಲ್ ಎಲ್‌ಡಿಎಲ್ ಅನ್ನು ಇಳಿಸುವುದಿಲ್ಲ. 2022ರಲ್ಲಿ ಅಮೆರಿಕದಲ್ಲಿ 190 ಜನರ ಮೇಲೆ ನಡೆದ ಪ್ರಯೋಗದಲ್ಲಿ ಮೀನೆಣ್ಣೆ, ಬೆಳ್ಳುಳ್ಳಿ, ದಾಲ್ಚಿನ್ನಿ, ಅರಿಸಿನದ ಪೂರಕಗಳನ್ನು ಬರೀ 5 ಮಿಲಿಗ್ರಾಂ ರೊಸುವಾಸ್ಟಾಟಿನ್ ಎದುರಿಗಿಟ್ಟು ನೋಡಿದರು. ನಾಲ್ಕು ವಾರದಲ್ಲಿ ಮಾತ್ರೆ ಎಲ್‌ಡಿಎಲ್ ಅನ್ನು ಶೇ 38ರಷ್ಟು ಇಳಿಸಿತು. ಪೂರಕಗಳಲ್ಲಿ ಯಾವುದೂ ಖಾಲಿ ಮಾತ್ರೆಗಿಂತ ಹೆಚ್ಚಿನ ಕೆಲಸ ಮಾಡಲಿಲ್ಲ. ಅಡುಗೆಯ ಬೆಳ್ಳುಳ್ಳಿಗೆ ಅಡ್ಡಿಯಿಲ್ಲ. ಕಷಾಯವನ್ನು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ವೈದ್ಯರಿಗೆ ತಿಳಿಸದೆ ಕುಡಿಯಬೇಡಿ.

ತಿಪಟೂರು ತೆಂಗು

ತೆಂಗಿನ ಬಗ್ಗೆ ಒಂದು ವಿಚಾರ. ಕೇರಳದಲ್ಲಿ 200 ಹೃದ್ರೋಗಿಗಳಿಗೆ ಎರಡು ವರ್ಷ ತೆಂಗಿನ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಕೊಟ್ಟು ನೋಡಿದಾಗ ವ್ಯತ್ಯಾಸವೇನೂ ಕಾಣಲಿಲ್ಲವಲ್ಲ? ತೆಂಗನ್ನು ನಂಬಿ ಬದುಕುವ ನಮಗೆ ಇದು ಮುಖ್ಯ.

ಆಹಾರ ತಜ್ಞೆ, ಶಿವಮೊಗ್ಗ

ಆ ಅಧ್ಯಯನ ನಡೆದದ್ದು ನಿಜ, ಅದನ್ನು ಗೌರವಿಸುತ್ತೇನೆ. ಆದರೆ ಅದರಲ್ಲಿದ್ದವರು ಚಿಕಿತ್ಸೆಯಲ್ಲಿದ್ದರು, ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರು. ಹದಿನಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2020ರ ವಿಶ್ಲೇಷಣೆಯಲ್ಲಿ, ಬೇರೆ ಸಸ್ಯದೆಣ್ಣೆಗಳಿಗೆ ಹೋಲಿಸಿದರೆ ತೆಂಗಿನ ಎಣ್ಣೆಯಿಂದ ಎಲ್‌ಡಿಎಲ್ ಸುಮಾರು 10 ಅಂಕಿ ಹೆಚ್ಚಾಗಿತ್ತು. ಆರೋಗ್ಯವಂತರಿಗೆ ನಾನು ಇಷ್ಟು ಬಿಗಿ ಮಾಡುವುದಿಲ್ಲ. 62ರಿಂದ 55ಕ್ಕೆ ಇಳಿಯಬೇಕಾದವರಿಗೆ ಹತ್ತು ಅಂಕಿ ದೊಡ್ಡದು.

ಪುತ್ತೂರು ಕೃಷಿಕ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇವತ್ತು ವೈದ್ಯರಿಗೆ ದೂರವಾಣಿ ಮಾಡಿ ತೊಡೆನೋವಿನ ವಿಷಯ ತಿಳಿಸಿದೆ. ಸಿಕೆ, ಥೈರಾಯ್ಡ್ ಮತ್ತು ಲೈಪೊಪ್ರೋಟೀನ್-ಎ ಮೂರಕ್ಕೂ ಸೋಮವಾರ ರಕ್ತ ಕೊಡಲು ಹೇಳಿದ್ದಾರೆ. ಎಜೆಟಿಮೈಬ್ ಇಂದು ರಾತ್ರಿಯಿಂದಲೇ ಶುರು. ಆರು ವಾರದ ನಂತರ ಮತ್ತೆ ಎಲ್‌ಡಿಎಲ್ ನೋಡುತ್ತಾರಂತೆ, ಬಂದ ಅಂಕಿಯನ್ನು ಇಲ್ಲಿಯೇ ಬರೆಯುತ್ತೇನೆ. ಭಾವನವರಿಗೆ ಹಾಸನದವರ ಮಾತನ್ನು ಓದಿ ಹೇಳಿದೆ. ಅವರು ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟಿರುವುದು ಆಗ ತಿಳಿಯಿತು, ಸೋಮವಾರ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಹೆಂಡತಿ ಮಧ್ಯಾಹ್ನ ತುರಿಮಣೆ ಇಳಿಸಿ, ತುರಿಯನ್ನು ಚಮಚದಲ್ಲಿ ಅಳೆದು ಒಂದೆಲಗದ ತಂಬುಳಿ ಮಾಡಿದ್ದಳು.