ಔಟ್‌ಬೋರ್ಡ್ ಬೋಟಿನ ಹೈಡ್ರಾಲಿಕ್ ಸ್ಟೇರಿಂಗ್: ಸೀಲ್ ಬದಲಿಸಿದ ಮೇಲೆ ಏರ್ ಪೂರ್ತಿ ಹೋಗ್ತಾ ಇಲ್ಲ

ಶರಾವತಿ_ಬೋಟು

ಹೊನ್ನಾವರದ ಹಿನ್ನೀರಲ್ಲಿ ಪ್ರವಾಸಿಗರಿಗೆ ಓಡಿಸೋ 22 ಅಡಿ ಫೈಬರ್ ಬೋಟು. 115 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ಕೂರುವ ಇಂಜಿನ್), ಇಂಜಿನ್ ಮುಂದೆ ಕೂರುವ ಸಿಲಿಂಡರ್, ಒಂದೇ ಸ್ಟೇರಿಂಗ್. ಸ್ಟೇರಿಂಗ್ ತಿರುಗಿಸಿದಾಗ ಎಣ್ಣೆ ತಳ್ಳೋ ಪಂಪು ಸುತ್ತಿಗೆ 28 ಸಿಸಿ, ಸಿಲಿಂಡರ್ 140 ಸಿಸಿ. ಎರಡು ಹೋಸ್, ತಲಾ 6 ಮೀಟರ್ ಉದ್ದ, ಒಳಗಿನ ಅಳತೆ 8 ಎಂಎಂ.

ಸಿಲಿಂಡರಿನ ಎರಡೂ ತುದಿಯ ಸೀಲ್ ಹೊಸದು ಹಾಕಿ ಆಯ್ತು. ಎಣ್ಣೆ ತುಂಬಿ, ಎರಡೂ ಕಡೆ ನಿಪ್ಪಲ್ (ಏರ್ ಹೊರಬಿಡೋ ತಿರುಪು) ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿದ್ದೂ ಆಯ್ತು. ಆಮೇಲೆ ಈ ತುದಿಯಿಂದ ಆ ತುದಿಗೆ ತುಂಬ ಹೊತ್ತು ತಿರುಗಿಸಿದರೂ ಸರಿಯಾಗಿಲ್ಲ. ಮೊದಲು 5 ಸುತ್ತಿಗೆ ಮುಗೀತಿದ್ದದ್ದು ಈಗ 7ರ ಹತ್ತಿರ ಹೋಗ್ತದೆ. ತುದಿಯಲ್ಲಿ ಗಟ್ಟಿ ನಿಲ್ಲೋದಿಲ್ಲ, ಒತ್ತಿದರೆ ಮೆತ್ತಗೆ ಇನ್ನೂ ಹೋಗ್ತದೆ. ಒಟ್ಟು ಎಣ್ಣೆ ಹಿಡಿದದ್ದು ಒಂದು ಲೀಟರಿಗಿಂತ ಕಮ್ಮಿ. ಹೊರಗೆ ಎಲ್ಲೂ ಸೋರಿಕೆ ಇಲ್ಲ. ಪಂಪು ಹೋಗಿದೆಯಾ, ಏರಾ?

ಕಡಲಕರೆ ಮೆಕ್ಯಾನಿಕ್

ಏರೇ. ಪಂಪು ಬಿಚ್ಚಲಿಕ್ಕೆ ಹೋಗಬೇಡಿ.

ಸ್ವಲ್ಪ ಲೆಕ್ಕ ಹಾಕಿ ನೋಡಿ. 8 ಎಂಎಂ ಹೋಸಿನಲ್ಲಿ ಒಂದು ಮೀಟರಿಗೆ ಸುಮಾರು 50 ಸಿಸಿ ಹಿಡಿಸ್ತದೆ. ಅಂದ್ರೆ ಸ್ಟೇರಿಂಗ್ ಒಂದು ಸುತ್ತು ತಿರುಗಿಸಿದರೆ ಎಣ್ಣೆ ಮುಂದೆ ಹೋಗೋದು ಬರೀ 56 ಸೆಂಟಿಮೀಟರ್. ನಿಪ್ಪಲ್ ಮುಚ್ಚಿಕೊಂಡು ತುದಿಯಿಂದ ತುದಿಗೆ ತಿರುಗಿಸಿದರೆ ಸಿಲಿಂಡರಿನ 140 ಸಿಸಿ ಮಾತ್ರ ಓಡಾಡ್ತದೆ, ಹೋಸಿನ ಲೆಕ್ಕದಲ್ಲಿ 2.8 ಮೀಟರ್. ನಿಮ್ಮ ಹೋಸ್ 6 ಮೀಟರ್. ನಡುವೆ ಕೂತ ಗುಳ್ಳೆ ಅತ್ತ 2.8 ಮೀಟರ್ ಹೋಗಿ ಇತ್ತ 2.8 ಮೀಟರ್ ವಾಪಸ್ ಬರ್ತದೆ, ಪಂಪಿಗೂ ಮುಟ್ಟೋದಿಲ್ಲ, ನಿಪ್ಪಲಿಗೂ ಮುಟ್ಟೋದಿಲ್ಲ. ಇಡೀ ದಿನ ತಿರುಗಿಸಿದರೂ ಅದು ಅಲ್ಲೇ. ನಿಪ್ಪಲ್ ತೆರೆದಿಟ್ಟು, ಒಂದೇ ದಿಕ್ಕಿಗೆ ಕನಿಷ್ಠ 11 ಸುತ್ತು ತಳ್ಳಿದರೆ ಮಾತ್ರ ಒಂದು ಹೋಸ್ ಪೂರ್ತಿ ಬದಲಾಗ್ತದೆ. ನಾಲ್ಕೈದು ಸುತ್ತಿಗೆ ಗುಳ್ಳೆ ನಿಂತಿತು ಅಂತ ಮುಚ್ಚಿದರೆ ಸಿಲಿಂಡರ್ ಹತ್ತಿರದ ಏರ್ ಹೋಗಿರ್ತದೆ, ಹೋಸ್ ನಡುವಿನದ್ದು ಇನ್ನೂ ಬಂದಿರೋದೇ ಇಲ್ಲ.

ಎಣ್ಣೆ ಲೆಕ್ಕವೂ ಅದನ್ನೇ ಹೇಳ್ತದೆ. ಎರಡು ಹೋಸಿಗೆ 600, ಸಿಲಿಂಡರಿಗೆ 140, ಅದರ ಮೇಲೆ ಪಂಪಿನ ಒಳಗಿನದ್ದು, ಗುಳ್ಳೆ ಜೊತೆ ಹೊರಗೆ ಬೀಳೋದು ಬೇರೆ. ಹತ್ತಿರ 2 ಲೀಟರ್ ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಇಬ್ಬರು ಬೇಕು. ಎಣ್ಣೆ ಬಾಟಲಿಯನ್ನು ಪಾರದರ್ಶಕ ಟ್ಯೂಬಿನ ಜೊತೆ ಪಂಪಿನ ಬಾಯಿಗೆ ತಲೆಕೆಳಗಾಗಿ ಕೂರಿಸಿ, ಬಾಟಲಿಯ ತಳಕ್ಕೆ ಸಣ್ಣ ತೂತು ಮಾಡಿ. ಟ್ಯೂಬಿನಲ್ಲಿ ಎಣ್ಣೆ ಯಾವಾಗಲೂ ಕಾಣ್ತಿರಬೇಕು. ಒಮ್ಮೆ ಖಾಲಿಯಾಗಿ ಪಂಪು ಗಾಳಿ ಎಳೆದರೆ ಎಲ್ಲಾ ಮೊದಲಿನಿಂದ.

ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಸಿಲಿಂಡರಿನ ಬಲಬದಿಯಲ್ಲಿ ರಾಡ್ ಆದಷ್ಟು ಹೊರಗೆ ಕಾಣಬೇಕು. ಆಗ ಬಲಗಡೆಯ ಕೋಣೆ ಅತಿ ಚಿಕ್ಕದಾಗಿರ್ತದೆ, ಏರ್ ಅಡಗಲಿಕ್ಕೆ ಜಾಗ ಇರೋದಿಲ್ಲ. ಬಲ ನಿಪ್ಪಲಿಗೆ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಎಣ್ಣೆ ಇರೋ ಡಬ್ಬಿಯೊಳಗೆ ಮುಳುಗಲಿ. ನಿಪ್ಪಲ್ ಅರ್ಧ ಸುತ್ತು ಸಡಿಲಿಸಿ. ಹಿಂದೆ ನಿಂತವರು ಸಿಲಿಂಡರ್ ವಾಪಸ್ ಸರಿಯದ ಹಾಗೆ ಗಟ್ಟಿ ಹಿಡಿಯಬೇಕು, ಬೆರಳು ಲಿಂಕಿನ ನಡುವೆ ಇಡಬಾರದು. ಮುಂದಿನವರು ಸ್ಟೇರಿಂಗನ್ನು ಎಡಕ್ಕೆ ಒಂದೇ ಸಮನೆ ತಿರುಗಿಸ್ತಾ ಹೋಗಲಿ. ಹಿಡಿಯದೆ ಬಿಟ್ಟರೆ ಎಣ್ಣೆ ನಿಪ್ಪಲಿಗೆ ಬರೋ ಬದಲು ಸಿಲಿಂಡರನ್ನೇ ತಳ್ತದೆ, ಏರ್ ಕೋಣೆಯೊಳಗೆ ಹೋಗ್ತದೆ. 15 ಸುತ್ತು ಆಗಲಿ, ಮಧ್ಯೆ ಗುಳ್ಳೆ ನಿಂತರೂ ನಿಲ್ಲಿಸಬೇಡಿ. ಬಿಗಿ ಮಾಡುವಾಗಲೂ ಸ್ಟೇರಿಂಗ್ ತಿರುಗ್ತಾ ಇರಬೇಕು, ನಿಲ್ಲಿಸಿ ಬಿಗಿ ಮಾಡಿದರೆ ಥ್ರೆಡ್ಡಿನ ಸಂದಿಯಿಂದ ಗಾಳಿ ಹಿಂದಕ್ಕೆ ಹೋಗ್ತದೆ.

ಹಾಗೇ ಎಡಕ್ಕೆ ತಿರುಗಿಸ್ತಾ ಹೋದರೆ ಈಗ ಎಡಬದಿಯ ರಾಡ್ ಹೊರಗೆ ಬರ್ತದೆ. ಎಡ ನಿಪ್ಪಲಿಗೂ ಇದೇ, ದಿಕ್ಕು ಮಾತ್ರ ತಿರುವುಮುರುವು.

ಮುಗಿದ ಮೇಲೆ ಪಂಪಿನ ಮುಚ್ಚಳ ತೆಗೆದು ಎಣ್ಣೆಯ ಮಟ್ಟ ನೋಡ್ತಾ, ಸ್ಟೇರಿಂಗನ್ನು ತುದಿಗೆ ಒಯ್ದು ಬಲವಾಗಿ ಒತ್ತಿ. ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದರೆ ಒಳಗೆ ಏರ್ ಇನ್ನೂ ಉಂಟು. ಎರಡೂ ತುದಿಗೆ ನೋಡಿ.

ಗಂಗೊಳ್ಳಿ_ಮರೀನ್

ಮೇಲಿನವರು ಹೇಳಿದ್ದು ಸರಿ. ಅದರ ಮೊದಲು ಒಂದು ನೋಡಿ ಸರ್: ಸಿಲಿಂಡರ್ ವಾಪಸ್ ಕೂರಿಸುವಾಗ ನಿಪ್ಪಲ್ ಇರೋ ಫಿಟ್ಟಿಂಗ್ ಓರೆಯಾಗಿಯೋ ಕೆಳಮುಖವಾಗಿಯೋ ಬಂದಿದೆಯಾ? ಸೀಲ್ ಬದಲಿಸಿದ ಬೋಟುಗಳಲ್ಲಿ ಇದು ಮಾಮೂಲು. ನಿಪ್ಪಲ್ ಸಿಲಿಂಡರಿನ ಅತಿ ಎತ್ತರದ ಜಾಗದಲ್ಲಿ ಇಲ್ಲದಿದ್ದರೆ ಶುದ್ಧ ಎಣ್ಣೆ ಹೊರಗೆ ಬರ್ತದೆ, ಏರ್ ಮೇಲೆ ಕೂತೇ ಇರ್ತದೆ. ಇಂಜಿನ್ ಎತ್ತಿದಾಗ ಸಿಲಿಂಡರೂ ಜೊತೆಗೆ ತಿರುಗ್ತದೆ, ಹಾಗಾಗಿ ಯಾವ ಟಿಲ್ಟಿನಲ್ಲಿ ನಿಪ್ಪಲ್ ಮೇಲ್ಮುಖವಾಗಿದೆಯೋ ಅಲ್ಲೇ ಇಟ್ಟು ಏರ್ ತೆಗೆಯಿರಿ.

ಫಿಟ್ಟಿಂಗ್ ಬಿಚ್ಚಿ ಹಾಕೋದಾದರೆ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಚೂರು ಪಂಪಿನ ಚೆಕ್ ವಾಲ್ವಿಗೆ (ಎಣ್ಣೆ ಹಿಂದಕ್ಕೆ ಬರದಂತೆ ತಡೆಯೋದು) ಹೋಗಿ ಸಿಕ್ಕಿಕೊಂಡರೆ ಏರ್ ಹೋದ ಮೇಲೂ ಸ್ಟೇರಿಂಗ್ ತನ್ನಷ್ಟಕ್ಕೆ ಸರೀತದೆ. ಪೇಸ್ಟ್ ರೂಪದ ಥ್ರೆಡ್ ಸೀಲಂಟ್ ತೆಗೊಳ್ಳಿ, ಮೊದಲ ಎರಡು ಎಳೆ ಬಿಟ್ಟು ಹಚ್ಚಿ.

ಮಲ್ಪೆ_ಬಂದರು

ಎಣ್ಣೆ ಯಾವುದು ಹಾಕಿದ್ರಿ ಮಾರಾಯ್ರೆ? ಅದನ್ನು ಯಾರೂ ಕೇಳಲೇ ಇಲ್ಲ. ಅಂಗಡಿಯಲ್ಲಿ ಹೈಡ್ರಾಲಿಕ್ ಎಣ್ಣೆ ಅಂದ ಕೂಡಲೇ 68 ನಂಬರ್ ಕೊಡ್ತಾರೆ. ಈ ಸ್ಟೇರಿಂಗಿಗೆ ಬೇಕಾದದ್ದು ಐಎಸ್‌ಒ ವಿಜಿ 15. 68 ಅಂದರೆ 40 ಡಿಗ್ರಿಯಲ್ಲಿ ನಾಲ್ಕು ಪಟ್ಟಿಗಿಂತ ಜಾಸ್ತಿ ದಪ್ಪ. ಸ್ಟೇರಿಂಗ್ ಭಾರ ಆಗ್ತದೆ, ಸಣ್ಣ ಗುಳ್ಳೆ ಮೇಲೆ ಬರಲಿಕ್ಕೆ ಗಂಟೆಗಟ್ಟಲೆ ತೆಗೊಳ್ತದೆ. ಅರ್ಜೆಂಟಿಗೆ ದಡ ಸೇರಲಿಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಹಾಕಬಹುದು, ಆಮೇಲೆ ತೆಗೆದು ಸರಿಯಾದದ್ದು ತುಂಬಿ. ಬ್ರೇಕ್ ಆಯಿಲ್ ಮಾತ್ರ ಒಂದು ಹನಿಯೂ ಬೇಡ, ನಿಮ್ಮ ಹೊಸ ಸೀಲ್ ಉಬ್ಬಿ ಹಾಳಾಗ್ತದೆ.

ಶರಾವತಿ_ಬೋಟು

ಎಣ್ಣೆ ವಿಜಿ 15, ಅದು ಸರಿ ಇದೆ. ಬಲಗಡೆ ನಿಪ್ಪಲ್ ಪಕ್ಕಕ್ಕೆ ವಾಲಿಕೊಂಡಿದೆ, ತಿರುಗಿಸ್ತೇನೆ. ಇನ್ನೊಂದು ವಿಷಯ: ಡಬ್ಬಿಗೆ ಬಂದ ಎಣ್ಣೆ ಮಬ್ಬಾಗಿ ಬೆಳ್ಳಗೆ ಕಾಣ್ತಿದೆ. ನೀರು ಸೇರಿದೆಯಾ? ಏರ್ ಪೂರ್ತಿ ಹೋದ ಮೇಲೂ ಸ್ಟೇರಿಂಗ್ ಸರಿ ಬರದಿದ್ದರೆ ಪಂಪು, ಸಿಲಿಂಡರ್ ಎರಡರಲ್ಲಿ ಯಾವುದು ಅಂತ ಹೇಗೆ ಗೊತ್ತಾಗೋದು?

ಕಡಲಕರೆ ಮೆಕ್ಯಾನಿಕ್

ಆ ಎಣ್ಣೆ ಒಂದು ಗಾಜಿನ ಲೋಟಕ್ಕೆ ಹಾಕಿಡಿ. ಏರ್ ಆದರೆ ತಳದಿಂದ ಮೇಲಕ್ಕೆ ತಿಳಿಯಾಗ್ತಾ ಬರ್ತದೆ, ಒಂದು ಗಂಟೆಯೊಳಗೆ ಗೊತ್ತಾಗ್ತದೆ. ಮರುದಿನವೂ ಮಬ್ಬಾಗೇ ಇದ್ದರೆ, ಇಲ್ಲವೇ ತಳದಲ್ಲಿ ನೀರು ಕೂತರೆ, ಇಡೀ ಎಣ್ಣೆ ಹೊರಹಾಕಿ ಹೊಸದು ತುಂಬಬೇಕು. ಡಬ್ಬಿಗೆ ಬಿದ್ದ ಎಣ್ಣೆಯನ್ನು ಕೂಡಲೇ ವಾಪಸ್ ಬಾಟಲಿಗೆ ಹೊಯ್ಯೋದು ಕೆಟ್ಟ ಅಭ್ಯಾಸ, ತೆಗೆದ ಏರನ್ನೇ ಮತ್ತೆ ತುಂಬಿದ ಹಾಗೆ.

ಎರಡನೇದಕ್ಕೆ: ಇಂಜಿನ್ ನೇರ ಇಟ್ಟು, ಹಿಂದಿನಿಂದ ಕೈಯಲ್ಲಿ ಪಕ್ಕಕ್ಕೆ ತಳ್ಳಿ, ಒಬ್ಬರು ಸ್ಟೇರಿಂಗ್ ನೋಡ್ತಿರಲಿ. ಸ್ವಲ್ಪ ಹೋಗಿ ಪುಟಿದು ವಾಪಸ್ ಬಂದರೆ ಏರ್. ಮೆಲ್ಲಗೆ ಸರಿದು ಅಲ್ಲೇ ನಿಂತು, ಸ್ಟೇರಿಂಗೂ ಜೊತೆಗೆ ತಿರುಗಿದರೆ ಪಂಪಿನ ಚೆಕ್ ವಾಲ್ವಿನಲ್ಲಿ ಕಸ. ಇಂಜಿನ್ ಸರಿದು ಸ್ಟೇರಿಂಗ್ ಅಲುಗದಿದ್ದರೆ ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್. ಅದರಲ್ಲಿ ತುದಿಗೆ ಹೋದ ಮೇಲೂ ಸ್ಟೇರಿಂಗ್ ಹಗುರವಾಗಿ ಸುತ್ತುತ್ತಾ ಇರ್ತದೆ. ನೀವು ಬದಲಿಸಿದ್ದು ತುದಿಯ ಸೀಲ್ ಮಾತ್ರ, ಇದು ಬೇರೆ. ತುದಿಯಲ್ಲಿ ತುಂಬ ಬಲ ಹಾಕಿದಾಗ ಮಾತ್ರ ಜಾರಿದರೆ ಅದು ದೋಷವಲ್ಲ, ಒತ್ತಡ ಮಿತಿ ಮೀರದಂತೆ ತೆರೆಯೋ ಪಂಪಿನ ರಿಲೀಫ್ ವಾಲ್ವ್. ಇಂಥ ಸ್ಟೇರಿಂಗಿನಲ್ಲಿ ಸುಮಾರು 1000 ಪಿಎಸ್‌ಐಗೆ ತೆರೆಯುವಂಥದ್ದು ಇರ್ತದೆ.

ಗಂಗೊಳ್ಳಿ_ಮರೀನ್

ಚುಕ್ಕಾಣಿ ಇರೋ ಒಳ ಇಂಜಿನ್ ಬೋಟಿನವರು ಓದ್ತಿದ್ದರೆ: ರಾಡ್ ಒಂದೇ ಕಡೆ ಹೊರಬರುವ ಸಿಲಿಂಡರಿಗೆ ಎಣ್ಣೆ ಮಟ್ಟ ನೋಡುವಾಗ ರಾಡ್ ಪೂರ್ತಿ ಒಳಗೆ ಇರಬೇಕು. ರಾಡ್ ಹೊರಗಿದ್ದಾಗ ಬಾಯಿತನಕ ತುಂಬಿದರೆ, ಒಳಗೆ ಹೋಗುವಾಗ ಅಷ್ಟೂ ಎಣ್ಣೆ ಮುಚ್ಚಳದ ತೂತಿನಿಂದ ಕ್ಯಾಬಿನ್ನಿಗೆ ಚೆಲ್ತದೆ. ಶರಾವತಿಯವರದ್ದು ಎರಡೂ ಕಡೆ ರಾಡ್ ಇರೋ ಜಾತಿ, ಅವರಿಗೆ ಈ ತಾಪತ್ರಯ ಇಲ್ಲ. ಅವರು ರಾಡಿನ ಮೇಲೆ ಉಗುರು ಎಳೆದು ನೋಡಲಿ, ಗೀರಿಗೆ ಉಗುರು ಸಿಕ್ಕಿಬಿದ್ದರೆ ಹೊಸ ಸೀಲ್ ಒಂದು ಸೀಸನ್ನೂ ಬರೋದಿಲ್ಲ.