ತಂಗಿ, ಗಾಡಿಗೆ ಮಷಿನ್ ಹಿಡಿಸಬೇಡ

ತಂಗಿ, ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ನಿಮ್ಮ ಕಾಕು ಓದಿ ಹೇಳಿದಳು. ಅಣ್ಣನ ವ್ಯಾಗನಾರ್ ವಿಜಯಪುರದ ಮನೆ ಮುಂದೆ ಬೇವಿನ ಗಿಡದ ಕೆಳಗೆ ನಿಂತು ಎರಡು ಮಳೆಗಾಲ ಆಯಿತು, ಬಣ್ಣ ಮಂಕಾಗಿದೆ, ಭಾನುವಾರ ಗಾಡಿ ಕೊಳ್ಳುವವರು ನೋಡೋಕೆ ಬರುತ್ತಾರೆ, ಅಷ್ಟರೊಳಗೆ ಮಷಿನ್ ಪಾಲಿಶ್ ಹೊಡೆಸಿಬಿಡಲಾ ಕಾಕಾ ಅಂತ ಕೇಳಿದ್ದೀಯಲ್ಲ. ಟೈಪ್ ಮಾಡೋಕೆ ನನಗೆ ಕಣ್ಣು ಕಾಣುವುದಿಲ್ಲ, ಬಾಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳು. ಗುರುತಿಲ್ಲದವರ ಕೈಗೆ ಕೊಟ್ಟು ಗಾಡಿಗೆ ಮಷಿನ್ ಹಿಡಿಸಬೇಡ.

ನಮ್ಮ ಕೆಂಪು ಮಾರುತಿ 800 ಎಲ್ಲರಿಗೂ ನೆನಪಿದೆ ಅಲ್ವಾ? ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿ ನವನಗರಕ್ಕೆ ಬಂದಾಗ ಗಾಡಿಗೆ ನೆರಳೇ ಇರಲಿಲ್ಲ. ನಮ್ಮ ಕಡೆ ಬಿಸಿಲು ನಿನಗೆ ಹೇಳಬೇಕಾ? ಬಾನೆಟ್ ಮೇಲೆ ಕೈ ಸವರಿದರೆ ಕೆಂಪು ಪುಡಿ ಅಂಗೈಗೆ ಹತ್ತುತ್ತಿತ್ತು. ನಿಮ್ಮ ಅಕ್ಕನ ಮದುವೆ ಕೂಡಿ ಬಂದಿತ್ತು, ದುಡ್ಡು ಬೇಕಿತ್ತು. ಮಾರುವ ಮುಂಚೆ ಪಾಲಿಶ್ ಮಾಡಿಸೋಣ ಅಂತ ಒಂದು ಗ್ಯಾರೇಜಿಗೆ ಒಯ್ದೆ. ಆ ಹುಡುಗ ನೀರು ಸಹ ಹಾಕಲಿಲ್ಲ. ಧೂಳಿನ ಮೇಲೆಯೇ ಒಣ ಬಟ್ಟೆ ಎಳೆದ. ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ, ಬಾನೆಟ್ ತುಂಬ ಗೀರು ಬಿದ್ದವು. ಆ ಗೀರು ತೆಗೆಯೋಕೆ ಕಂಪೌಂಡ್, ಅಂದರೆ ಬಣ್ಣ ತಿಕ್ಕಿ ಸವೆಸುವ ಪೇಸ್ಟ್, ಹಚ್ಚಿ ಮಷಿನ್ ಹಿಡಿದ. ಅಂಚಿಗೆ ಬಂದವನು ತಿರುಗುವ ಮಷಿನ್ ಅಲ್ಲೇ ಒತ್ತಿ ಹಿಡಿದ. ಬೇಡೋ ತಮ್ಮಾ ಅನ್ನುವುದರೊಳಗೆ ಕೆಂಪು ಹೋಗಿ ಬಣ್ಣದ ಕೆಳಗಿನ ಬೂದು ಪದರ, ಪ್ರೈಮರ್, ಕಾಣಿಸಿತು.

ಕಂಪನಿ ಬಣ್ಣ ಅಂದರೆ ಎಲ್ಲ ಪದರ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂಚಿನಲ್ಲಿ ಇನ್ನೂ ತೆಳು. ಮಷಿನ್ ಬಿಸಿಗೆ ಅದು ಎಷ್ಟು ಹೊತ್ತು ತಡೆದೀತು?

ನೋಡೋಕೆ ಬಂದವರು ಇಳಕಲ್ ಕಡೆಯವರು. ಆ ಬೂದು ಪಟ್ಟಿ ನೋಡಿದ್ದೇ ತಡ, ಇದು ಆಕ್ಸಿಡೆಂಟ್ ಆದ ಗಾಡಿ, ಬಾನೆಟ್ ಬೇರೆ ಕೂಡಿಸಿದ್ದೀರಿ ಅಂದರು. ಬಸವಣ್ಣನ ಆಣೆ ಮಾಡಿ ಹೇಳಿದೆ, ಒಂದು ಪೆಟ್ಟು ಬಿದ್ದಿಲ್ಲ ಅಂತ. ನಂಬಲಿಲ್ಲ. ರೇಟು ಇಳಿಸಿದ್ದು ಹೋಗಲಿ ತಂಗಿ, ನನ್ನ ಮನೆ ಬಾಗಿಲಲ್ಲಿ ನಿಂತು ನನ್ನನ್ನು ಸುಳ್ಳ ಅಂತ ನೋಡಿದರಲ್ಲ, ಅದು ಇವತ್ತಿಗೂ ಹೊಟ್ಟೆಯೊಳಗಿದೆ. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಮಷಿನ್ ಹಿಡಿಸಬೇಡ. ಮಂಕು ಬಣ್ಣಕ್ಕೆ ಗಿರಾಕಿ ಸಿಗುತ್ತಾರೆ, ಕಿತ್ತುಹೋದ ಬಣ್ಣಕ್ಕೆ ಸಂಶಯ ಸಿಗುತ್ತದೆ.

ಇನ್ನೊಂದು ಮಾತು, ಇದು ಗ್ರೂಪಿನಲ್ಲಿ ಇರುವ ಎಲ್ಲರಿಗೂ. ಆ ಮಾರುತಿ ಚೆನ್ನಾಗಿದ್ದಾಗ ಯಾರಿಗೆ ಬೇಡವಾಗಿತ್ತು? ಬನಶಂಕರಿ ಜಾತ್ರೆಗೆ ಬೇಕು, ಕೂಡಲಸಂಗಮಕ್ಕೆ ಬೇಕು, ಹೆಣ್ಣು ನೋಡೋಕೆ ಬೇಕು. ತಿರುಗಿ ತಂದು ನಿಲ್ಲಿಸುವಾಗ ಒಂದು ಕೊಡ ನೀರು ಹಾಕಿದವರಿಲ್ಲ. ಸೀಟಿನ ಸಂದಿಯಲ್ಲಿ ಶೇಂಗಾ ಸಿಪ್ಪೆ ತೆಗೆದವಳು ನಿಮ್ಮ ಕಾಕು. ಅಣ್ಣನ ಗಾಡಿಯದೂ ಅದೇ ಹಣೆಬರಹ. ಮೊಣಕಾಲು ನೋವು ಅಂತ ಅವನು ಹುಬ್ಬಳ್ಳಿಗೆ ಹೋದ. ವಿಜಯಪುರದಲ್ಲಿ ಇಷ್ಟು ಮಂದಿ ಇದ್ದೀರಿ, ಯಾರಾದರೂ ಒಬ್ಬರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಈ ಹುಡುಗಿ ಇವತ್ತು ಹೀಗೆ ಒದ್ದಾಡಬೇಕಿತ್ತಾ? ನನಗೆ ಬೇಜಾರಾಗುತ್ತದೆ, ಅದಕ್ಕೇ ಹೇಳಿದೆ.

ಹಾಂ ತಂಗಿ, ನೀನು ಏನು ಮಾಡಬೇಕು ಅನ್ನೋದೇ ಉಳಿಯಿತು. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಬಾಡಿ ತಣ್ಣಗಿದ್ದಾಗ ಶುರು ಮಾಡು. ಮೊದಲು ಬರೀ ನೀರು, ಧಾರಾಳವಾಗಿ, ಧೂಳು ತಾನೇ ಇಳಿದು ಹೋಗಲಿ. ಹಕ್ಕಿ ಹಿಕ್ಕೆ, ಬೇವಿನ ಅಂಟು ಇರುವ ಕಡೆ ಒದ್ದೆ ಬಟ್ಟೆ ಹಾಸಿ ನೆನೆಯೋಕೆ ಬಿಡು, ಉಗುರಿನಿಂದ ಕೆರೆಯಬೇಡ. ಆಮೇಲೆ ಕಾರ್ ಶಾಂಪೂ. ಬಟ್ಟೆ ಸೋಪಿನ ಪುಡಿ ಬೇಡ. ಮೇಲಿಂದ ಕೆಳಗೆ ತೊಳೆ, ಬಟ್ಟೆ ಹಿಂಡೋಕೆ ಬೇರೆ ಬಕೆಟ್ ಇರಲಿ, ಗಾಲಿಯ ಬಟ್ಟೆ ಬಾಡಿಗೆ ತಾಗಬಾರದು. ಬೋರ್ ನೀರು ಒಣಗಿದರೆ ಬಿಳಿ ಕಲೆ ಕೂಡುತ್ತದೆ, ಮೈಕ್ರೋಫೈಬರ್ ಬಟ್ಟೆಯಿಂದ ತಕ್ಷಣ ಒರೆಸು. ಮಂಕು ಹೋಗೋಕೆ ನುಣುಪಾದ, ಜಾಸ್ತಿ ಉಜ್ಜದ ಪಾಲಿಶ್ ಕೈಯಿಂದಲೇ ಹಚ್ಚು, ಅದರ ಮೇಲೆ ತೆಳುವಾಗಿ ವ್ಯಾಕ್ಸ್. ವ್ಯಾಕ್ಸ್ ಗೀರು ತೆಗೆಯುವುದಿಲ್ಲ, ಬಿಸಿಲು, ನೀರಿನಿಂದ ಕಾಯುತ್ತದೆ.

ವೈಪರ್ ಬುಡದಲ್ಲಿ ಬೇವಿನ ಎಲೆ ತುಂಬಿರುತ್ತದೆ, ಕೈಯಿಂದ ತೆಗೆ, ಇಲ್ಲಾಂದರೆ ಮಳೆ ನೀರು ಒಳಗೆ ಇಳಿಯುತ್ತದೆ. ಮ್ಯಾಟ್ ಎತ್ತಿ ನೋಡು, ಒದ್ದೆ ಇದ್ದರೆ ಬಾಗಿಲು ತೆರೆದು ಒಣಗಿಸು. ಬಾನೆಟ್ ಒಳಗೆ ಪ್ರೆಶರ್ ನೀರು ಹೊಡೆಸಬೇಡ. ಸ್ಟಾರ್ಟ್ ಮಾಡುವ ಮುಂಚೆ ಇಲಿ ವೈರ್ ಕಡಿದಿದೆಯಾ, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟಿದೆಯಾ ಅಂತ ಮೆಕ್ಯಾನಿಕ್ ನೋಡಲಿ. ಬ್ಯಾಟರಿ ಅಂತೂ ಸತ್ತಿರುತ್ತದೆ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡುವ ಜಂಪರ್ ಕೇಬಲ್ ಜಮಖಂಡಿ ಮಾವನ ಹತ್ತಿರ ಇದೆ, ಶುಕ್ರವಾರವೇ ತರಿಸಿಕೋ.