ಲಿಂಬೆ ಎಲೆಯ ಮೇಲೆ ಬೆಳ್ಳಿ ಗೆರೆ, ನಾಲ್ಕು ಸಲ ಔಷಧ ಹೊಡೆದರೂ ಹೋಗಿಲ್ಲ

ಪ್ರಶ್ನೆ: ಸರ್, ಇಂಡಿ ಹತ್ತಿರ ನಮ್ಮದು ಎರಡು ಎಕರೆ ಕಾಗದಿ ಲಿಂಬೆ, ಮೂರು ವರ್ಷದ ಗಿಡ. ಹೊಸ ಎಲೆಗಳು ಮುದುಡುತ್ತಿವೆ, ಮೇಲೆ ಹಾವು ಹರಿದಂತೆ ಬೆಳ್ಳಿ ಗೆರೆ. ಕಜ್ಜಿಯೂ ಶುರುವಾಗಿದೆ. ಪ್ರತಿ ಭಾನುವಾರ ಔಷಧ ಹೊಡೆಯುತ್ತಿದ್ದೇನೆ. ಏನೂ ಪ್ರಯೋಜನ ಇಲ್ಲ.

ಉತ್ತರ: ಅದು ರಂಗೋಲಿ ಹುಳು. ಭಾನುವಾರ ನಿಮಗೆ ಅನುಕೂಲ, ಹುಳುವಿಗೆ ವಾರದ ಲೆಕ್ಕ ಇಲ್ಲ. ಅದರ ಲೆಕ್ಕವೆಲ್ಲ ಚಿಗುರಿನದ್ದು. ಸಣ್ಣ ಬೆಳ್ಳಿ ಬಣ್ಣದ ಪತಂಗ ಎಳೆ ಎಲೆಯ ಮೇಲೆ ಮಾತ್ರ ಮೊಟ್ಟೆ ಇಡುತ್ತದೆ. ಮರಿ ಎಲೆಯ ಸಿಪ್ಪೆಯ ಕೆಳಗೆ ಸೇರಿ ತಿನ್ನುತ್ತಾ ಹೋಗುತ್ತದೆ. ಮುದುಡಿದ ಎಲೆಗೆ ಹೊಡೆದರೆ ಸತ್ತ ಮೇಲೆ ಡಾಕ್ಟರನ್ನು ಕರೆದಂತೆ. ಆ ಎಲೆ ಇನ್ನು ಸರಿಯಾಗುವುದಿಲ್ಲ.

ಮೂರು ದಿನಕ್ಕೊಮ್ಮೆ ತೋಟದ ಬೇರೆ ಬೇರೆ ಕಡೆ ಇಪ್ಪತ್ತು ಗಿಡ ನೋಡಿ. ಚಿಗುರು ಒಂದೆರಡು ಸೆಂಟಿಮೀಟರ್ ಇರುವಾಗಲೇ ಎಲೆ ತಿರುಗಿಸಿ ನೋಡಬೇಕು. ಮೊದಲ ಗೆರೆ ಕಂಡ ಕೂಡಲೇ ಸಂಜೆ ಬೇವಿನ ಬೀಜದ ಕಷಾಯ ಹೊಡೆಯಿರಿ: 5 ಕಿಲೋ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಳ್ಳಿ. ಚಿಗುರು ಬಲಿಯುವವರೆಗೆ ವಾರ ಬಿಟ್ಟು ಇನ್ನೊಮ್ಮೆ. ಎಲೆ ಬಲಿತ ಮೇಲೆ ನಿಲ್ಲಿಸಿ, ದುಡ್ಡು ಉಳಿಯುತ್ತದೆ.

ಕಜ್ಜಿಯ ಮಾತು ಬೇರೆ. ಅದು ಬ್ಯಾಕ್ಟೀರಿಯಾ. ಆದರೆ ಹುಳು ಕೊರೆದ ಗಾಯವೇ ಅದಕ್ಕೆ ಬಾಗಿಲು. ಕಜ್ಜಿ ಬಂದ ಕಡ್ಡಿಗಳನ್ನು ಒಣಹವೆಯಲ್ಲಿ ಕತ್ತರಿಸಿ ಸುಟ್ಟು, ಆಮೇಲೆ ತಾಮ್ರದ ಔಷಧ ಹೊಡೆಯಿರಿ. ಇನ್ನೊಂದು ಮಾತು, ಯೂರಿಯಾ ಜಾಸ್ತಿ ಹಾಕುತ್ತಿದ್ದೀರಾ?

ಪ್ರಶ್ನೆ: ಹೌದು ಸರ್, ಗಿಡ ಬೇಗ ಬರಲಿ ಅಂತ.

ಉತ್ತರ: ಅಲ್ಲೇ ಇದೆ ನೋಡಿ. ಯೂರಿಯಾ ಹೆಚ್ಚಾದರೆ ಚಿಗುರು ಹಿಂದೆ ಮುಂದೆ ಬರುತ್ತಲೇ ಇರುತ್ತದೆ, ಹುಳುವಿಗೆ ವರ್ಷಪೂರ್ತಿ ಊಟ. ಎಲ್ಲ ಗಿಡ ಒಟ್ಟಿಗೆ ಚಿಗುರಿದರೆ ನಿಮ್ಮ ಕೆಲಸ ಸುಲಭ.

ಪ್ರಶ್ನೆ (ಇನ್ನೊಬ್ಬರು): ನಮ್ಮದು ಕೊಡಗು, ಕಾಫಿ ನಡುವೆ ಕಿತ್ತಳೆ. ಎಲೆ ಹಳದಿಯಾಗುತ್ತಿದೆ. ಸತು ಕಡಿಮೆಯೋ, ಗ್ರೀನಿಂಗ್ ರೋಗವೋ?

ಉತ್ತರ: ಎಲೆಯನ್ನು ನಡುನರದ ಉದ್ದಕ್ಕೆ ಮಡಚಿ ನೋಡಿ. ಸತುವಿನ ಕೊರತೆಯಲ್ಲಿ ಎರಡೂ ಬದಿ ಒಂದೇ ಥರ ಹಳದಿ ಇರುತ್ತದೆ. ಗ್ರೀನಿಂಗ್‌ನಲ್ಲಿ ಒಂದು ಬದಿ ಒಂದು ಥರ, ಇನ್ನೊಂದು ಬದಿ ಬೇರೆ. ಹಣ್ಣೂ ಸಣ್ಣದಾಗಿ ಸೊಟ್ಟಗಿರುತ್ತದೆ. ಅನುಮಾನ ಬಂದರೆ ಎಲೆಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಕಣ್ಣಿನ ಪರೀಕ್ಷೆಯೇ ಕೊನೆಯಲ್ಲ. ರೋಗಕ್ಕೆ ಔಷಧವಿಲ್ಲ. ಅದನ್ನು ಹರಡುವ ಸಿಲ್ಲಾ ಕೀಟವನ್ನು ತಡೆಯಬಹುದು. ಕೊಂಬೆ ಕೆಳಗೆ ಬಿಳಿ ಹಾಳೆ ಹಿಡಿದು ಕೋಲಿನಿಂದ ತಟ್ಟಿ. ಮೂರ್ನಾಲ್ಕು ಮಿಲಿಮೀಟರ್‌ನ ಕಂದು ಕೀಟಗಳು ಬೀಳುತ್ತವೆ. ಕೊಂಬೆ ಮೇಲೆ ಕೂತಾಗ ಹಿಂಭಾಗ ಎತ್ತಿ, ತಲೆ ತಗ್ಗಿಸಿರುತ್ತವೆ, ಗುರುತು ತಪ್ಪುವುದಿಲ್ಲ. ಮರಿಗಳಿದ್ದರೆ ಚಿಗುರಿನಲ್ಲಿ ಬಿಳಿ ಮೇಣದ ದಾರ ಕಾಣುತ್ತದೆ.

ಪ್ರಶ್ನೆ: ಬೇಲಿಯಲ್ಲಿ ಕರಿಬೇವು ಇದೆ, ತೆಗೆಯಬೇಕಾ?

ಉತ್ತರ: ಸಿಲ್ಲಾ ಕರಿಬೇವಿನಲ್ಲೂ ಬೆಳೆಯುತ್ತದೆ, ನಿಜ. ಸುಮ್ನೆ ಕೀಳಬೇಡಿ, ಸಾರಿಗೂ ಬೇಕಲ್ವಾ? ಅದರ ಚಿಗುರನ್ನೂ ಕಿತ್ತಳೆಯ ಜೊತೆಗೇ ನೋಡುತ್ತಿರಿ. ಕಿತ್ತಳೆಗೆ ಹೊಡೆಯುವ ದಿನ ಕರಿಬೇವಿಗೂ ಬರೀ ಬೇವಿನ ಕಷಾಯ ಹೊಡೆಯಿರಿ, ಅಡುಗೆಗೆ ಹೋಗುವ ಎಲೆಗೆ ರಾಸಾಯನಿಕ ಬೇಡ.